ಮಸಿಬಟ್ಟೆಯೋ ಕಾಗದದ ಸುರುಳಿಯೋ

ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುವಲ್ಲಿ, ನಮ್ಮ ಉಡುಪಿ ಕಡೆಯವರದೇ ಒಂದು ಶಾಕಾಹಾರಿ ಹೋಟೆಲಿತ್ತು. ಅಲ್ಲಿಯ ಅಡುಗೆಮನೆಯ ಉಸ್ತುವಾರಿ ಹನ್ನೊಂದು ವರ್ಷ ನನ್ನದಾಗಿತ್ತು. ಉಸ್ತುವಾರಿ ಎಂದರೆ ದೊಡ್ಡ ಮಾತೇನಲ್ಲ. ಉದ್ದಿನಬೇಳೆ ಮುಗಿಯುವ ಮೊದಲು ತರಿಸುವುದು, ಇಬ್ಬರು ಭಟ್ಟರು ಜಗಳವಾಡಿದರೆ ನಡುವೆ ನಿಲ್ಲುವುದು, ಗ್ರೈಂಡರು ಕೈಕೊಟ್ಟರೆ ಮೆಕ್ಯಾನಿಕ್ಕನ ಬೆನ್ನು ಹತ್ತುವುದು, ಸಾಂಬಾರು ತೆಳ್ಳಗಾದರೆ ಧಣಿಗಳಿಂದ ಬೈಸಿಕೊಳ್ಳುವುದು. ಇದರ ಜೊತೆಗೆ, ಯಾರಿಗೂ ಬೇಡವಾದ ಮಸಿಬಟ್ಟೆಯ ಖಾತೆಯೂ ನನ್ನ ಪಾಲಿಗೇ ಬಂದಿತ್ತು.

ಹೋಟೆಲಿನ ಅಡುಗೆಮನೆ ಗ್ಯಾಸಿನ ಮೇಲೆ ನಡೆಯುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಅದು ನಡೆಯುವುದು ಬಟ್ಟೆಯ ಮೇಲೆ. ಒಲೆಯ ಕಟ್ಟೆ ಒರೆಸಲು ಒಂದು, ದೋಸೆ ಕಾವಲಿಗೆ ಒಂದು, ಗ್ರೈಂಡರಿನ ಬಾಯಿಗೆ ಒಂದು, ತೊಳೆದ ತಟ್ಟೆಗೆ ಒಂದು, ಬಿಸಿ ಪಾತ್ರೆ ಹಿಡಿದಿಳಿಸಲು ಎರಡು ಮಡಿಕೆಯದು ಇನ್ನೊಂದು. ನಾನು ಕಲ್ಯಾಣಕ್ಕೆ ಹೋಗಿ ಮಂಜರ್‌ಪಾಟ್ ಬಟ್ಟೆಯ ಇಡೀ ಥಾನನ್ನೇ ತಂದು ತುಂಡು ಮಾಡಿಸುತ್ತಿದ್ದೆ. ಹೊಸದರಲ್ಲಿ ಅದು ನೀರನ್ನೇ ಹೀರುವುದಿಲ್ಲ, ಒರಟು. ಹತ್ತು ಸಲ ಒಗೆತ ಕಂಡ ಮೇಲೆಯೇ ಅದಕ್ಕೆ ಬುದ್ಧಿ ಬರುವುದು. ನಾವು ಕರಾವಳಿಯವರು ಮಸಿಬಟ್ಟೆ ಎನ್ನುತ್ತಿದ್ದೆವು, ವೇಟರುಗಳಿಗೆ ಅದು ಫಡ್ಕಾ, ಅದನ್ನು ಒಗೆಯುವ ಮೌಶಿಗೆ ಅರಿವಿ.

ಮೌಶಿ ಗುಲ್ಬರ್ಗಾ ಕಡೆಯ ಹೆಂಗಸು. ಆಗಿನ್ನೂ ನಾವು ಆ ಊರನ್ನು ಹಾಗೆಯೇ ಕರೆಯುತ್ತಿದ್ದೆವು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಮುಂಬಯಿಯ ಕಡೆ ಕೆಲಸಕ್ಕೆ ಬರುವ ಹೆಂಗಸರೆಲ್ಲ ಮೌಶಿಯರೇ ಆದ್ದರಿಂದ ನಾನೂ ಮೌಶಿ ಎನ್ನುತ್ತಿದ್ದೆ. ಆಕೆಯ ಗಂಡ ತುರ್ಭೆಯ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವನು ಸೊಂಟ ಹಿಡಿದು ಮನೆಯಲ್ಲಿ ಮಲಗಿದ್ದ. ಎರಡು ಮಕ್ಕಳು ಮುನಿಸಿಪಾಲಿಟಿ ಶಾಲೆಗೆ ಹೋಗುತ್ತಿದ್ದರು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಬಂದು, ಹಿತ್ತಲ ನಲ್ಲಿಯ ಹತ್ತಿರ ಕುಳಿತು ಬಟ್ಟೆ ಒಗೆದು ಹೋಗುವ ಈ ಕೆಲಸವೊಂದೇ ಆ ಮನೆಯ ಆಧಾರ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಬರೆದರೆ ಕೇಳುವವರಿಲ್ಲ, ಆದರೆ ಗೊತ್ತಿತ್ತು.

ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಬಟ್ಟೆಗಳ ಮೂಲೆಯಲ್ಲಿ ಗಂಟು ಹಾಕಿ ಗುರುತು ಮಾಡಿಕೊಂಡಿದ್ದಳು. ಒಂದು ಗಂಟಿನದು ಕಟ್ಟೆಗೆ, ಎರಡು ಗಂಟಿನದು ಗ್ರೈಂಡರಿಗೆ, ಗಂಟಿಲ್ಲದ್ದು ತಟ್ಟೆಗೆ. ಕಾವಲಿಯ ಬಟ್ಟೆಗೆ ಮಾತ್ರ ಸಾಬೂನು ಮುಟ್ಟಿಸುತ್ತಿರಲಿಲ್ಲ, ಬರೀ ಕುದಿನೀರಿನಲ್ಲಿ ಎತ್ತಿ ಅದ್ದಿ ಹಿಂಡುವುದು. ಸಾಬೂನಿನ ಅಂಶ ಕಾವಲಿಗೆ ತಾಗಿದರೆ ದೋಸೆ ಏಳುವುದಿಲ್ಲ ಎಂದು ನಮ್ಮ ಭಟ್ಟರು ಒಮ್ಮೆ ಹೇಳಿದ್ದರು, ಆಕೆ ಒಮ್ಮೆ ಕೇಳಿದ್ದಳು, ಅಷ್ಟೇ. ಹನ್ನೊಂದು ವರ್ಷದಲ್ಲಿ ಯಾವ ಮಾತನ್ನಾದರೂ ಒಂದೇ ಸಲ ಹೇಳಿದರೆ ಸಾಕಾಗುತ್ತಿದ್ದ ಮನುಷ್ಯ ಆಕೆಯೊಬ್ಬಳೇ.

ಮಳೆಗಾಲದಲ್ಲಿ ಡೊಂಬಿವಲಿಯಲ್ಲಿ ಒಳಚಡ್ಡಿ ಕೂಡ ಮೂರು ದಿನಕ್ಕೆ ಒಣಗುವುದಿಲ್ಲ. ಅದಕ್ಕೆ ಮೌಶಿಯೇ ಉಪಾಯ ಹುಡುಕಿದ್ದಳು. ಇಡ್ಲಿ ಬೇಯಿಸುವ ಬಾಯ್ಲರಿನ ಹಿಂದಿನ ಗೋಡೆಗೆ ಎರಡು ಮೊಳೆ ಹೊಡೆದು ಹಗ್ಗ ಕಟ್ಟಿದ್ದಳು. ಆ ಗೋಡೆ ಬೆಳಗಿನಿಂದ ಸಂಜೆಯವರೆಗೆ ಬಿಸಿಯಾಗಿಯೇ ಇರುತ್ತಿತ್ತು. ಸೋಡಾಪುಡಿ ಹಾಕಿ ಕುದಿಸಿದ ಬಟ್ಟೆಯನ್ನು ಅಲ್ಲಿ ಹರವಿದರೆ ಎರಡು ತಾಸಿನಲ್ಲಿ ಹಪ್ಪಳ. ಹೊರಗೆ ಆಕಾಶವೇ ಕಳಚಿ ಬಿದ್ದರೂ ನಮ್ಮ ಮಸಿಬಟ್ಟೆಗೆ ವಾಸನೆ ಎಂಬುದೇ ಇರಲಿಲ್ಲ. ನೋಡಲು ಮಾತ್ರ ಚೆಂದವಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಎರಡು ಸಾವಿರದ ಆರೋ ಏಳೋ ಇಸವಿ. ಧಣಿಗಳು ವಾಶಿಯ ಒಂದು ಮಾಲಿಗೆ ಹೋಗಿಬಂದರು. ಅಲ್ಲಿ ಒಂದು ಹೋಟೆಲಿನವರು ಅಡುಗೆಮನೆಗೆ ಗೋಡೆಯ ಬದಲು ಗಾಜು ಹಾಕಿದ್ದರಂತೆ. ಗಿರಾಕಿ ಕುಳಿತಲ್ಲಿಂದಲೇ ದೋಸೆ ಹೊಯ್ಯುವುದನ್ನು ನೋಡಬಹುದಂತೆ. ನಮ್ಮ ಧಣಿ ಕೆಟ್ಟವರಲ್ಲ, ಆದರೆ ನವಿಮುಂಬಯಿಯಲ್ಲಿ ಏನು ಕಂಡರೂ ಅದು ಡೊಂಬಿವಲಿಗೆ ಬೇಕೇ ಬೇಕು ಎನ್ನುವ ಜಾತಿ. ಮೇ ತಿಂಗಳಲ್ಲಿ ಗೋಡೆ ಒಡೆಸಿದರು, ಜೂನ್ ಮೊದಲ ವಾರದಲ್ಲಿ ಗಾಜು ಬಂತು. ಗಾಜಿನಿಂದ ನೋಡಿದರೆ ನೇರ ಕಾಣುತ್ತಿದ್ದುದು ಬಾಯ್ಲರು, ಅದರ ಹಿಂದೆ ಸಾಲಾಗಿ ನೇತಾಡುವ ಮೌಶಿಯ ಬಟ್ಟೆಗಳು.

ಧಣಿಗಳು ಅದನ್ನು ತೆಗೆ ಎಂದು ಹೇಳಲಿಲ್ಲ. ಅವರು ಅದನ್ನು ಗಮನಿಸಿಯೂ ಇರಲಿಲ್ಲವೇನೋ. ನಾನೇ ಒಂದು ಬೆಳಿಗ್ಗೆ ಸ್ಟೂಲು ಹತ್ತಿ ಹಗ್ಗ ಬಿಚ್ಚಿ, ಮೊಳೆ ಕಿತ್ತು, ತೂತಿಗೆ ಸುಣ್ಣ ಮೆತ್ತಿದೆ. ಹೇಳದೆಯೇ ಮಾಡಿದ್ದಾನೆ ಎಂದು ಧಣಿಗಳು ಮೆಚ್ಚಬೇಕೆಂಬ ಆಸೆ, ಬೇರೇನೂ ಇಲ್ಲ. ಮೌಶಿಗೆ ಹಿತ್ತಲ ಮೆಟ್ಟಿಲ ಕೆಳಗೆ, ತಗಡಿನ ಮಾಡಿನಡಿ ಒಣಗಿಸಲು ಹೇಳಿದೆ. ಆಕೆ ಆ ಜಾಗವನ್ನೊಮ್ಮೆ ನೋಡಿ, “ಇಲ್ಲಿ ಗಾಳಿನೇ ಇಲ್ರೀ ಅಣ್ಣಾರ,” ಎಂದಳು. “ನೋಡುವ,” ಎಂದೆ. ನಾನು ‘ನೋಡುವ’ ಎಂದ ಯಾವುದನ್ನೂ ಆಮೇಲೆ ನೋಡಿದ ದಾಖಲೆ ಇಲ್ಲ.

ಗಾಜಿನ ಸುದ್ದಿ ಹೇಗೆ ಮುಟ್ಟಿತೋ, ಅದೇ ತಿಂಗಳು ಠಾಣೆಯಿಂದ ಒಬ್ಬ ಸೇಲ್ಸ್‌ಮನ್ ಬಂದ. ಟೈ ಕಟ್ಟಿದ್ದ, ಬೂಟಿನೊಳಗೆ ನೀರು ಹೊಕ್ಕು ಪಚಪಚ ಎನ್ನುತ್ತಿತ್ತು. ಚೀಲದಿಂದ ತೊಡೆಯಷ್ಟು ದಪ್ಪದ ಬಿಳಿ ಕಾಗದದ ಸುರುಳಿಯೊಂದನ್ನು ತೆಗೆದು ಕೌಂಟರಿನ ಮೇಲೆ ನಿಲ್ಲಿಸಿದ. ಹರಿ, ಒರೆಸು, ಬಿಸಾಡು, ಇದಿಷ್ಟೇ ಮಂತ್ರ. ಮೇಜಿನ ಮೇಲೆ ಬೇಕೆಂದೇ ಚಹಾ ಚೆಲ್ಲಿ ಒಂದು ಹಾಳೆಯಿಂದ ಒರೆಸಿ ತೋರಿಸಿದ. ಬಟ್ಟೆಯಲ್ಲಿ ಎಷ್ಟು ಕೋಟಿ ಕ್ರಿಮಿಗಳು ಸಂಸಾರ ಮಾಡುತ್ತವೆ ಎಂದು ಹಿಂದಿಯಲ್ಲಿ ವರ್ಣಿಸಿದ. ನನಗೆ ಮೈಯೆಲ್ಲ ಉರಿಯಿತು. ಹುಟ್ಟಿದಾಗಿನಿಂದ ಅಮ್ಮನ ಸೀರೆಯ ತುಂಡಿನಿಂದ ಒರೆಸಿದ ಬಾಳೆಲೆಯಲ್ಲಿ ಉಂಡು ಬೆಳೆದವರು ನಾವು, ಇವನ ಕ್ರಿಮಿಯ ಲೆಕ್ಕ ಯಾರಿಗೆ ಬೇಕು? ಆದರೆ ಧಣಿಗಳ ಕಣ್ಣು ಆ ಬಿಳಿಯ ಮೇಲೆಯೇ ಇತ್ತು.

ಅವನು ಹೋದ ಮೇಲೆ ಧಣಿಗಳು ನನ್ನನ್ನು ಕರೆದರು.

“ಎಂಥ ಹೇಳ್ತಿ? ಗಾಜಿನ ಎದುರು ಆ ಕೊಳೆ ಬಟ್ಟೆ ಹಿಡ್ಕೊಂಡು ತಿರುಗುದು ಚೆಂದ ಕಾಣುದಿಲ್ಲ ಮಾರಾಯ.”

“ಕೊಳೆ ಎಂಥದ್ದು ಧಣಿ, ಮೌಶಿ ಕುದಿಸಿ ಒಗೀತಾಳೆ.”

“ಹಾಗಾದ್ರೆ ಒಂದು ವಾರ ಕಾಗದ, ಒಂದು ವಾರ ಬಟ್ಟೆ. ಯಾವುದು ಒಳ್ಳೇದು ನೀನೇ ಹೇಳು. ಕಾಗದ ಆದ್ರೆ ಒಗೆಯುವವಳು ಬೇಡ, ಅಷ್ಟೇ.”

ಅಷ್ಟೇ ಎಂದರು. ನಾನೂ ಅಷ್ಟೇ ಎಂಬಂತೆ ತಲೆಯಾಡಿಸಿ ಒಳಗೆ ಬಂದೆ.

ಸ್ಯಾಂಪಲಿನ ಒಂದು ಸುರುಳಿಯನ್ನು ಮನೆಗೊಯ್ದೆ. ನನ್ನ ಹೆಂಡತಿ ಅದರಿಂದ ಒಂದು ಹಾಳೆ ಹರಿದು ಗ್ಯಾಸಿನ ಕಟ್ಟೆ ಒರೆಸಿದಳು. ಆಮೇಲೆ ಅದನ್ನು ನಲ್ಲಿಯ ಕೆಳಗೆ ಹಿಡಿದು, ಮೆಲ್ಲಗೆ ಹಿಂಡಿ, ಬಾಲ್ಕನಿಯ ಗ್ರಿಲ್ಲಿಗೆ ಚಿಮ್ಟಾ ಸಿಕ್ಕಿಸಿ ಒಣಗಲು ಹಾಕಿದಳು. ಮರುದಿನ ಬೆಳಿಗ್ಗೆ ನಮ್ಮ ಗ್ರಿಲ್ಲಿನಲ್ಲಿ ಐದು ಕಾಗದಗಳು ತೂಗಾಡುತ್ತಿದ್ದವು. ಎದುರು ಬಿಲ್ಡಿಂಗಿನ ಮರಾಠಿ ಕಾಕೂ ಇದೇನು ಹೊಸ ವ್ರತವೇ ಎಂದು ಕೇಳಿದಳಂತೆ. ಅದು ಒಗೆಯುವುದಕ್ಕಲ್ಲ, ಬಿಸಾಡುವುದಕ್ಕೆ ಎಂದು ನಾನು ವಿವರಿಸಿದೆ.

“ಬಿಸಾಡ್ಲಿಕ್ಕೆ ಇಷ್ಟು ಚೆಂದದ ಬಿಳಿ ಯಾಕೆ?” ಎಂದಳು. ಇನ್ನೊಂದು ಹಾಳೆ ಹಿಂಡುತ್ತ, “ಹೋಟೆಲಲ್ಲಿ ಇದನ್ನು ತಂದ್ರೆ ಆ ಮೌಶಿ ಎಂಥ ಮಾಡುದು ಮತ್ತೆ?” ಎಂದು ಕೇಳಿದಳು.

ಇನ್ನೂ ಏನೂ ತೀರ್ಮಾನವಾಗಿಲ್ಲ ಎಂದೆ.

ಕಾಗದದ ವಾರ ಮೊದಲು ಬಂತು. ನನ್ನ ದುರದೃಷ್ಟಕ್ಕೆ, ಅಥವಾ ಮೌಶಿಯ ದುರದೃಷ್ಟಕ್ಕೆ, ಆ ವಾರ ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಗಾಜಿನ ಆಚೆಯಿಂದ ನೋಡಿದರೆ ಅಡುಗೆಮನೆ ಆಸ್ಪತ್ರೆಯ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಒಳಗಿದ್ದವರ ಪಾಡು ಬೇರೆ. ಕಾವಲಿಗೆ ಒತ್ತಿದರೆ ಕಾಗದ ಸುಟ್ಟು ಕರಕಲಾಗುತ್ತಿತ್ತು. ದೋಸೆಯ ಭಟ್ಟರು ಅದರ ಚೂರನ್ನು ಉಗುರಿನಿಂದ ಕೆರೆದು ತೆಗೆಯುತ್ತ, ಅದನ್ನು ಕಂಡುಹಿಡಿದವನ ವಂಶವನ್ನೇ ತುಳುವಿನಲ್ಲಿ ವಿಚಾರಿಸಿಕೊಳ್ಳುತ್ತಿದ್ದರು. ಬಿಸಿ ಪಾತ್ರೆ ಇಳಿಸಲು ಹೋಗಿ ಒಬ್ಬ ಕೈ ಸುಟ್ಟುಕೊಂಡ. ಎರಡು ಡಬ್ಬ ಕಸವಿದ್ದಲ್ಲಿ ಐದಾಯಿತು. ಇಷ್ಟಾದ ಮೇಲೆ ಬಟ್ಟೆಯೇ ಗೆಲ್ಲುತ್ತದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಮೌಶಿಯನ್ನು ಒಂದು ವಾರ ಬರಬೇಡ ಎಂದಿದ್ದೆ. ಯಾಕೆ ಎಂಬುದನ್ನೂ ಹೇಳಿದ್ದೆ.

“ಒಂದ್ ವಾರ ಅಲ್ರೀ? ಬರ್ತೀನ್ರೀ,” ಎಂದಿದ್ದಳು.

ಬಟ್ಟೆಯ ವಾರ ಶುರುವಾದ ದಿನವೇ ಮಳೆ ಹಿಡಿಯಿತು. ಅದು ಜುಲೈ ತಿಂಗಳಲ್ಲಿ ಮಾತ್ರ ಸುರಿಯುವ, ಲೋಕಲ್ ಗಾಡಿಗಳನ್ನು ನಡುದಾರಿಯಲ್ಲಿ ನಿಲ್ಲಿಸುವ ಮಳೆ. ಆದರೂ ಮೌಶಿ ತಪ್ಪದೆ ಬಂದಳು. ಪರೀಕ್ಷೆ ಎಂದು ತಿಳಿದಿದ್ದರಿಂದ ಒಂದರ ಬದಲು ಎರಡು ಸಲ ಕುದಿಸಿದಳು. ಬಟ್ಟೆಗಳು ಹಾಲಿನಷ್ಟು ಬೆಳ್ಳಗಿದ್ದವು, ಆದರೆ ಜೂನಿನ ಬಿಟ್ಟು ಬಿಟ್ಟು ಬಂದ ಮಳೆಯಲ್ಲಿ ಹೇಗೋ ಒಣಗಿದಂತೆ ಈಗ ಮೆಟ್ಟಿಲಡಿಯ ತಗಡಿನ ಕೆಳಗೆ ಒಣಗಲೇ ಇಲ್ಲ. ಹಸಿಯನ್ನೇ ಮಡಚಿ ಒಳಗೆ ತರಬೇಕಾಯಿತು. ಮೂರನೆಯ ದಿನ ಮುಗ್ಗಲು ವಾಸನೆ ಹಿಡಿಯಿತು. ನಾಲ್ಕನೆಯ ದಿನ ಮೌಶಿ ಬಟ್ಟೆಗಳನ್ನು ಎದೆಗೆ ಅವಚಿಕೊಂಡು ಬಾಯ್ಲರಿನ ಪಕ್ಕ ಬಂದು ನಿಂತು, ಒಂದೊಂದನ್ನೇ ಕೈಯಲ್ಲಿ ಅಗಲಿಸಿ ಶಾಖಕ್ಕೆ ಹಿಡಿದಳು. ಗಾಜಿನ ಆಚೆ ಒಂದು ಮೇಜಿನವರು ಅದನ್ನು ನೋಡಿ ನಗುತ್ತಿದ್ದರು. ನಾನು ಹೋಗಿ, “ಇಲ್ಲಿ ನಿಲ್ಬೇಡ ಮೌಶಿ,” ಎಂದೆ. ಆಕೆ ಹಿತ್ತಲಿಗೆ ಹೋದಳು.

ಹಗ್ಗವನ್ನು ಆ ದಿನವೇ ಮತ್ತೆ ಕಟ್ಟಬಹುದಿತ್ತು. ಗಾಜಿಗೆ ಕಾಣದಂತೆ ಒಂದು ಮೊಳ ಕೆಳಗೆ ಕಟ್ಟಿದರೂ ಸಾಕಿತ್ತು. ನನಗೆ ಇದು ಹೊಳೆಯಲಿಲ್ಲ ಎಂದಲ್ಲ. ಆದರೆ ಕಟ್ಟಿದರೆ ಯಾಕೆ ಬಿಚ್ಚಿದ್ದು ಎಂಬ ಪ್ರಶ್ನೆ ಬರುತ್ತಿತ್ತು, ಆ ಪ್ರಶ್ನೆ ನನ್ನ ಹತ್ತಿರ ಬರುತ್ತಿತ್ತು.

ಶನಿವಾರ ಬೆಳಿಗ್ಗೆ ಧಣಿಗಳು ಒಳಗೆ ಬಂದರು. ಕಟ್ಟೆಯ ಮೇಲಿನ ಒಂದು ಬಟ್ಟೆಯನ್ನು ಎರಡು ಬೆರಳಿನಲ್ಲಿ ಎತ್ತಿ ಮೂಗಿನ ಹತ್ತಿರ ಹಿಡಿದು ಮುಖ ಸಿಂಡರಿಸಿದರು.

“ಇದೆಂಥದು ನಾತ? ಇಷ್ಟು ವರ್ಷ ಹೀಗೆ ಇರ್ಲಿಲ್ಲ.”

ನಾನು ಕಟ್ಟೆಯ ಮೇಲಿನ ಉಳಿದ ಬಟ್ಟೆಗಳನ್ನು ಬದಿಗೆ ಸರಿಸಿದೆ.

“ಅವಳು ಒಗೆಯುದು ಸಮ ಇಲ್ಲ ಈಗ, ಅಲ್ವಾ? ಉದಾಸೀನ ಬಂದಿದೆ ಅವಳಿಗೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಅಷ್ಟು ದಡ್ಡನಲ್ಲ, ಹೆಗಲು ಮುಟ್ಟಿಕೊಳ್ಳಲಿಲ್ಲ. “ಹೌದು ಧಣಿ, ಈಗೀಗ ಸ್ವಲ್ಪ ಹಾಗೇ,” ಎಂದೆ. ಇಬ್ಬರು ಭಟ್ಟರೂ ಅಲ್ಲೇ ಇದ್ದರು. ಒಬ್ಬರು ನನ್ನ ಮುಖ ನೋಡಿದರು, ಇನ್ನೊಬ್ಬರು ಹಿಟ್ಟು ಕಲಸುತ್ತಲೇ ಇದ್ದರು. ಧಣಿಗಳು ಬಟ್ಟೆಯನ್ನು ಕಸದ ಡಬ್ಬಕ್ಕೆ ಹಾಕಿ, ಕಾಗದವೇ ಇರಲಿ, ಅವಳಿಗೆ ನೀನೇ ಹೇಳಿಬಿಡು ಎಂದು ಹೊರಟುಹೋದರು.

ಮಧ್ಯಾಹ್ನ ಮೌಶಿ ಬಂದಾಗ ಹಿತ್ತಲಲ್ಲಿ ನಿಲ್ಲಿಸಿ ಹೇಳಿದೆ. ಬಟ್ಟೆಗೆ ವಾಸನೆ ಬಂತು, ನಿನ್ನ ಒಗೆತ ಸರಿಯಿಲ್ಲ ಎಂದು ಧಣಿಗಳಿಗೆ ಅನ್ನಿಸಿದೆ, ನಾಳೆಯಿಂದ ಕೆಲಸವಿಲ್ಲ. ಆಕೆ ತನ್ನ ಎರಡು ಕೈಗಳನ್ನು ಅಂಗೈ ಮೇಲಾಗಿ ಒಮ್ಮೆ ನೋಡಿಕೊಂಡಳು. ಸೋಡಾಪುಡಿಗೆ ಬೆರಳಿನ ತುದಿಗಳೆಲ್ಲ ಸುಲಿದಿದ್ದವು.

“ನನ್ನ ಕೈ ಹೊಲಸ ಅಂದ್ರೇನ್ರೀ?”

ಅವಳ ಮುಖ ನೋಡಲಾಗದೆ, ಸುಮ್ಮನೆ ನಿಲ್ಲಲೂ ಆಗದೆ, ಬಾಯಿಗೆ ಬಂದದ್ದನ್ನು ಹೇಳಿದೆ.

“ನಾನು ತುಂಬ ಹೇಳಿ ನೋಡಿದೆ ಮೌಶಿ. ಜಗಳವೇ ಮಾಡಿದೆ ಅಂತ ಇಟ್ಕೋ. ಧಣಿ ಕೇಳ್ಲಿಲ್ಲ.”

ಆಕೆ ತಲೆಯಾಡಿಸಿದಳು. ಹಿತ್ತಲಿನಲ್ಲಿದ್ದ ತನ್ನ ಪ್ಲಾಸ್ಟಿಕ್ ಚಪ್ಪಲಿ ಹಾಕಿಕೊಂಡು, ಎಂದೂ ಇಲ್ಲದಂತೆ ಮುಂಬಾಗಿಲಿನ ಕಡೆ ನಡೆದಳು. ಧಣಿಗಳು ಹಣ ಎಣಿಸುತ್ತ ಕುಳಿತಿದ್ದ ಗಲ್ಲಾದ ಮುಂದೆ ನಿಂತಳು. ಧಣಿಗಳು “ಎಂಥ?” ಎಂದು ತಲೆಯೆತ್ತಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಆಕೆ ತಿರುಗಿ ನೋಡಿದಳು. “ಏನಿಲ್ರೀ,” ಎಂದು ಹೇಳಿ ಮೆಟ್ಟಿಲಿಳಿದು ಹೋದಳು.

ಕಾಗದದ ರಾಜ್ಯಭಾರ ದೀಪಾವಳಿಯವರೆಗೆ ನಡೆಯಿತು. ಭಟ್ಟರ ಶಾಪ ತಟ್ಟಿತೋ, ನೆನೆದ ಕಾಗದ ಮೋರಿಯ ಕೊಳವೆಯಲ್ಲಿ ಕಟ್ಟಿಕೊಂಡು ಊಟದ ಹೊತ್ತಿನಲ್ಲೇ ಕೊಳಚೆ ಒಳಗೆ ನುಗ್ಗಿದ ದಿನವೇ ತೀರ್ಮಾನವಾಯಿತೋ, ಅಂತೂ ಗಾಜಿನ ಎದುರಿನ ಮೇಜಿಗೆ ಮಾತ್ರ ಕಾಗದ, ಒಳಗೆಲ್ಲ ಬಟ್ಟೆ ಎಂದಾಯಿತು. ಒಗೆಯಲು ಒಂದು ಮೆಷಿನು ಬಂತು. ಮುಂದಿನ ಮಳೆಗಾಲಕ್ಕೆ ನಾನೇ ಸ್ಟೂಲು ಹತ್ತಿ, ಗಾಜಿಗೆ ಕಾಣದಷ್ಟು ಕೆಳಗೆ ಹಗ್ಗ ಕಟ್ಟಿದೆ. ಬಟ್ಟೆಗೆ ವಾಸನೆ ಬರಲಿಲ್ಲ. ಧಣಿಗಳು, “ನೋಡು, ಮೆಷಿನಿನ ಒಗೆತವೇ ಬೇರೆ,” ಎಂದರು.

ನಡುವೆ ಒಮ್ಮೆ ಮೌಶಿಯನ್ನು ಹುಡುಕಿಕೊಂಡು ಆಕೆ ಬಾಡಿಗೆಗಿದ್ದ ಚಾಳಿಗೆ ಹೋಗಿದ್ದೆ. ಖೋಲಿಯಲ್ಲಿ ಬೇರೆ ಯಾರೋ ಇದ್ದರು. ಆಕೆಯ ಸಂಸಾರ ಮಳೆ ಬಿಡುವ ಮೊದಲೇ ತುರ್ಭೆಗೆ ಹೋಯಿತು, ಮಕ್ಕಳ ಶಾಲೆ ಬಿಡಿಸಿದರು ಎಂದು ಪಕ್ಕದವರು ಹೇಳಿದರು. ಆಕೆ ಸಿಗಲಿಲ್ಲವೆಂದು ನನಗೆ ನಿರಾಳವಾಯಿತು. ಹೀಗೆ ಬರೆದರೆ ಕೆಟ್ಟವನಾಗುತ್ತೇನೆ, ಆದರೆ ಆದದ್ದು ಅದೇ. ಸ್ಟೇಷನ್ನಿಗೆ ಬಂದು ಒಂದು ವಡಾಪಾವ್ ತಿಂದು ಕೆಲಸಕ್ಕೆ ಹೋದೆ.

ಏಳೆಂಟು ವರ್ಷ ಕಳೆಯಿತು. ಧಣಿಗಳು ಕಾಮೋಠೆಯಲ್ಲಿ ಎರಡನೆಯ ಹೋಟೆಲು ತೆರೆದು ನನ್ನನ್ನು ಅಲ್ಲಿಗೆ ಕಳಿಸಿದರು. ವಾರಕ್ಕೆರಡು ಸಲ ತುರ್ಭೆಯ ಮಾರುಕಟ್ಟೆಯಿಂದ ಈರುಳ್ಳಿ, ಬಟಾಟೆ ತರುವುದು ನನ್ನ ಕೆಲಸವಾಯಿತು. ಒಂದು ಬೆಳಿಗ್ಗೆ ಈರುಳ್ಳಿ ಮಳಿಗೆಯೊಂದರ ಮುಂದೆ ಹೋಗುತ್ತಿದ್ದಾಗ, “ಅಣ್ಣಾರ! ಡೊಂಬಿವಲಿ ಅಣ್ಣಾರ!” ಎಂದು ಯಾರೋ ಕೂಗಿದರು. ಗೋಣಿತಟ್ಟಿನ ಮೇಲೆ ಐದಾರು ಹೆಂಗಸರು ಕುಳಿತು ಕೊಳೆತ ಈರುಳ್ಳಿ ಆರಿಸುತ್ತಿದ್ದರು. ಅವರ ನಡುವಿನಿಂದ ಮೌಶಿ ಎದ್ದು ಬಂದಳು. ಕೂದಲು ಪೂರ್ತಿ ನೆರೆತಿತ್ತು. ಸೆರಗಿಗೆ ಕೈ ಒರೆಸಿಕೊಂಡು, ಉಳಿದ ಹೆಂಗಸರ ಕಡೆ ತಿರುಗಿದಳು.

“ನಾ ಹೇಳ್ತಿದ್ದೆಲ್ಲ, ಇವ್ರೇ ನೋಡ್ರೇ. ಹೋಟೆಲದಾಗ ನನ್ನ ಸಲುವಾಗಿ ಮಾಲಕನ ಸಂಗಾಟ ಜಗಳಾ ಮಾಡಿದವ್ರು.”

ಹೆಂಗಸರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಒಬ್ಬಳು ಕೂರಲು ಖಾಲಿ ಡಬ್ಬವೊಂದನ್ನು ಬೋರಲು ಹಾಕಿಕೊಟ್ಟಳು. ಮೌಶಿಯನ್ನು ಸ್ವಲ್ಪ ಆಚೆ ಕರೆದೆ. ಇಷ್ಟು ವರ್ಷದ ಮೇಲಾದರೂ ಹೇಳಿಬಿಡಬೇಕೆಂದು ನಿಶ್ಚಯಿಸಿ, ಅದರಲ್ಲಿ ಅರ್ಧವನ್ನು ಹೇಳಿದೆ.

“ಮೌಶಿ, ಬಾಯ್ಲರಿನ ಹಿಂದಿನ ಹಗ್ಗ ಬಿಚ್ಚಿದ್ದು ನಾನು. ಧಣಿ ಹೇಳಿದ್ದಲ್ಲ. ಬಟ್ಟೆಗೆ ವಾಸನೆ ಬಂದದ್ದು ಅದರಿಂದ. ನಿನ್ನ ಒಗೆತದ ತಪ್ಪು ಒಂದು ಚೂರೂ ಇರ್ಲಿಲ್ಲ.”

ಆಕೆ ನಕ್ಕಳು.

“ಅದು ನನಗ ಅವತ್ತೇ ಗೊತ್ತಿತ್ತರೀ. ನಂದು ಒಂದ್ ಸೀರಿ ಹಿತ್ತಲದಾಗ ಉಳಿದಿತ್ತು, ತರ್ಲಾಕ ಮುಂಜಾನೇನೇ ಬಂದಿದ್ದೆ. ನೀವು ಸ್ಟೂಲ್ ಹತ್ತಿ ಮೊಳಿ ಕೀಳಾದು ನೋಡೀನಿ.”

“ಮತ್ತೆ ಧಣಿಗೆ ಯಾಕೆ ಹೇಳ್ಲಿಲ್ಲ? ಹೇಳಿದ್ರೆ ನಿನ್ನ ಕೆಲಸ ಉಳೀತಿತ್ತು.”

“ಹೇಳ್ಬೇಕಂತೇ ಹೋಗಿದ್ದೆರೀ, ಗಲ್ಲಾದ ತನಕ. ನೀವು ಬಾಗಲದಾಗ ನಿಂತಿದ್ರಿ. ಅಲ್ಲ, ಅಷ್ಟ ಮಂದ್ಯಾಗ ನನ್ನ ಸಲುವಾಗಿ ಬಾಯಿ ತೆಗೆದವ್ರು ನೀವೊಬ್ಬರೇ. ನಿಮ್ಮ ಕೆಲಸ ಭೀ ಹೋದ್ರ ಹ್ಯಾಂಗ ಅಂತ ಸುಮ್ಮ ಬಂದ್ನಿ.”

ನಾನು ಬಾಯಿ ತೆಗೆದಿರಲಿಲ್ಲ. ತೆಗೆದದ್ದು ಆಕೆಯ ಮೇಲೆ ತಪ್ಪು ಹೊರಿಸಲು. ಅದನ್ನು ಅಲ್ಲಿಯೇ ಹೇಳಬೇಕಿತ್ತು, ಆಕೆ ಎದುರಿಗೇ ನಿಂತಿದ್ದಳು, ಯಾವ ಅವಸರವೂ ಇರಲಿಲ್ಲ. ಒಳ್ಳೆಯ ಈರುಳ್ಳಿ ಯಾವ ಮಳಿಗೆಯಲ್ಲಿ ಸಿಗುತ್ತದೆ ಎಂದು ಕೇಳಿದೆ. ಆಕೆ ಕೆಲಸ ಬಿಟ್ಟು ನನ್ನ ಜೊತೆ ನಡೆದು ಬಂದು, ಮೂಟೆಯ ಬಾಯಿ ಬಿಚ್ಚಿಸಿ, ಒಂದೊಂದನ್ನೇ ಒತ್ತಿ ನೋಡಿ ಆರಿಸಿಕೊಟ್ಟಳು.